ಆಧಾರಸ್ವರ ಕಳೆದುಕೊಂಡ ಪಿಯಾನೊ

ಮೊದಲ ಮಹಾಯುದ್ಧಕ್ಕೆ ಮುಂಚೆ ವಿಯೆನ್ನಾದ ಒಂದು ಮನೆಯಲ್ಲಿ ಸಂಗೀತಗಾರ ಅಣ್ಣನೂ ಭೌತವಿಜ್ಞಾನಿ ತಮ್ಮನೂ ಇದ್ದರು. ಅಣ್ಣ ಆಧಾರಸ್ವರವನ್ನೇ ಕೈಬಿಟ್ಟು ಹೊಸ ಕೃತಿ ನುಡಿಸಿದ ದಿನ ಗೋಡೆ ಗಡಿಯಾರ ಪಿಯಾನೊವನ್ನು ಹಂಗಿಸಿತು: "ಮರಳಿ ಬಂದು ನಿಲ್ಲಲು ನಿನಗೊಂದು ಸ್ವರವೂ ಉಳಿಯಲಿಲ್ಲವಲ್ಲ. ನನ್ನನ್ನು ನೋಡು. ಜಗತ್ತಿಗೆಲ್ಲ ಕಾಲ ಒಂದೇ, ಅದನ್ನು ನಾನು ಹೇಳುತ್ತೇನೆ."



ಅಷ್ಟರಲ್ಲಿ ತಮ್ಮ ಬಂದು ಕುರ್ಚಿಯಲ್ಲಿ ಕುಸಿದ. "ಅಣ್ಣಾ, ಹೊಸ ಸಿದ್ಧಾಂತದ ಪ್ರಕಾರ ಎಲ್ಲರಿಗೂ ಒಂದೇ ಕಾಲ ಎಂಬುದು ಇಲ್ಲವಂತೆ. ಚಲಿಸುವವರ ಕಾಲ ಅವರವರದೇ. ನಾನೂ ಲೆಕ್ಕ ಹಾಕಿ ನೋಡಿದೆ, ನಿಜ."

ಅಣ್ಣ ಅವನ ಕೈ ಹಿಡಿದುಕೊಂಡ.

ಗಡಿಯಾರ ಪಿಯಾನೊವನ್ನು ಕೇಳಿತು: "ನೀನು ಇದನ್ನು ಹೇಗೆ ಸಹಿಸಿಕೊಂಡೆ?"

"ಇನ್ನೂ ಸಹಿಸಿಕೊಂಡಿಲ್ಲ," ಎಂದಿತು ಪಿಯಾನೊ. "ಮುಟ್ಟಿದಾಗ ನುಡಿಯುತ್ತೇನೆ, ಅಷ್ಟೇ."