ಮಗ್ಗಕ್ಕೆ ಕಟ್ಟಿದ ತೊಟ್ಟಿಲು

ಇದನ್ನು ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಹಿಂದೆ ಏನನ್ನೂ ಬರೆದವನಲ್ಲ. ನಮ್ಮ ಮಠದ ಗುರುಗಳು ಹೇಳಿದ ಕತೆ ಚಿಕ್ಕದು, ನನ್ನ ಕೈಯಲ್ಲಿ ಉದ್ದವಾಗುತ್ತದೆ. ಓದುವವರಿಗೆ ಎಲ್ಲಿ ಅರ್ಥವಾಗದೆ ಹೋಗುತ್ತದೋ ಎಂಬ ಹೆದರಿಕೆ.

ಗುರುಗಳು ಕತೆ ಹೇಳುವಂತೆ ಪ್ರಶ್ನೆ ಕೇಳಿದವಳು ಸರ್ವಮಂಗಳಾ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು. ಮನೆಯಲ್ಲಿ ಗಂಡ, ಅತ್ತೆ, ಶಾಲೆಗೆ ಹೋಗುವ ಮಗಳು, ಇನ್ನೂ ಎದೆಹಾಲು ಬಿಡದ ಮಗ. ಅಂದು ಭಾನುವಾರ. ಭಾನುವಾರ ಮಠದಲ್ಲಿ ಊಟಕ್ಕೆ ಬಹಳ ಜನ ಸೇರುತ್ತಾರೆ. ಕೊಪ್ಪರಿಗೆಯ ಅನ್ನ ಬಸಿಯಲು ಒಬ್ಬರ ಕೈ ಸಾಲದು. ಒಂದು ಕಡೆ ಗುರುಗಳೇ ಹಿಡಿಯುತ್ತಾರೆ. ಇದನ್ನು ಏಕೆ ಹೇಳಿದೆ ಎಂದರೆ ಮುಂದೆ ಬೇಕಾಗುತ್ತದೆ. ಒಳಗೆ ಅನ್ನ ಬೇಯುತ್ತಿತ್ತು. ಗುರುಗಳು ಜಗಲಿಯ ಮೇಲೆ ಕುಳಿತಿದ್ದರು. ನಾನು ಪಕ್ಕದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಬಿಡಿಸುತ್ತಿದ್ದೆ.

“ಬುದ್ಧೀ, ಆಸ್ಪತ್ರೆಯಲ್ಲಿದ್ದರೆ ಮನೆ ನೆನಪಾಗುತ್ತೆ, ಮನೆಯಲ್ಲಿದ್ದರೆ ಆಸ್ಪತ್ರೆ,” ಎಂದಳು ಸರ್ವಮಂಗಳಾ. “ಎರಡು ಕಡೆಗೂ ನಾನು ಪೂರ್ತಿ ಸಿಗ್ತಾ ಇಲ್ಲ. ಮೊನ್ನೆ ಒಬ್ಬರ ರಕ್ತದ ಸೀಸೆಗೆ ಇನ್ನೊಬ್ಬರ ಹೆಸರು ಅಂಟಿಸಿಬಿಟ್ಟಿದ್ದೆ. ಕೂಡಲೇ ಗೊತ್ತಾಯ್ತು, ಸರಿಮಾಡಿದೆ. ಆದರೂ ಈಗ ಒಂದೊಂದು ಸೀಸೆಯನ್ನೂ ಎರಡೆರಡು ಸಲ ನೋಡ್ತೀನಿ. ನಾಳೆ ಹೋಗಿ ಕೆಲಸ ಬಿಡ್ತೀನಿ ಅಂತ ಹೇಳಿಬಿಡಲಾ?”

ಮಾತಾಡುತ್ತಲೇ ಅವಳು ನನ್ನ ಮೊರದಿಂದ ಅವರೆಕಾಯಿ ತೆಗೆದು ಬಿಡಿಸತೊಡಗಿದ್ದಳು. ಯಾರೂ ಹೇಳಿರಲಿಲ್ಲ. ಅಷ್ಟರಲ್ಲಿ ಅವಳಿಗೆ ಗಂಡನ ಫೋನು ಬಂತು. “ಬೀರುವಿನ ಕೆಳಗಿನ ಅರೆಯಲ್ಲಿ, ಟವೆಲ್ಲಿನ ಹಿಂದೆ,” ಎಂದಳು. ಆಮೇಲೆ, “ಹಿಂದೆ ರೀ, ಕೆಳಗಲ್ಲ.”

“ಏನಂತೆ?” ಎಂದು ಗುರುಗಳು ಕೇಳಿದರು.

“ಮಗುವಿನ ಟೋಪಿ, ಬುದ್ಧಿ.”

ಗುರುಗಳು ನಕ್ಕು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಸೀರೆ ನೇಯುವ ಹೆಂಗಸೊಬ್ಬಳಿದ್ದಳು. ಅವಳದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂರುವ ಮಗ್ಗ ಅದು. ಕಾಲಿನಿಂದ ಹಲಗೆ ತುಳಿದರೆ ನೂಲಿನ ಎಳೆಗಳು ಮೇಲೆ ಕೆಳಗೆ ಸರಿದು ದಾರಿ ಬಿಡುತ್ತವೆ. ಆ ದಾರಿಯಲ್ಲಿ ಕೈ ಲಾಳಿಯನ್ನು ಓಡಿಸುತ್ತದೆ. ಈ ವಿವರ ನನ್ನದು, ಗುರುಗಳು ಇಷ್ಟು ಹೇಳಲಿಲ್ಲ.

ಅವಳ ಗಂಡ ಹಿತ್ತಲಿನಲ್ಲಿ ನೂಲಿಗೆ ಬಣ್ಣ ಕಾಯಿಸುತ್ತಿದ್ದ. ಅತ್ತೆ ಬಾಗಿಲ ಬಳಿ ಕೂತು ಲಾಳಿಗೆ ಬೇಕಾದ ನೂಲು ಸುತ್ತುತ್ತಿದ್ದಳು. ಮಗು ಹುಟ್ಟಿತು. ಅದು ಅತ್ತಾಗಲೆಲ್ಲ ಇಬ್ಬರೂ ಅವಳನ್ನು ಕೂಗುತ್ತಿದ್ದರು. ಅವಳು ಕುಣಿಯಿಂದ ಎದ್ದು ಬರುತ್ತಿದ್ದಳು. ಎದ್ದು ಕೂತು ಬೇಸತ್ತು, ಒಂದು ದಿನ ತೊಟ್ಟಿಲಿನ ಹಗ್ಗವನ್ನು ತಂದು ಮಗ್ಗದ ಹಲಗೆಗೇ ಕಟ್ಟಿದಳು. ಹಲಗೆ ತುಳಿದರೆ ತೊಟ್ಟಿಲು ತೂಗಿತು. ಬೀದಿಯವರೆಲ್ಲ ಬಂದು ನೋಡಿ, “ಎಂಥ ಜಾಣೆ!” ಎಂದರು.

ಹೊಗಳಿಕೆ ಕೇಳಿ ಅವಳು ಇನ್ನೊಂದು ಹಗ್ಗ ಕಟ್ಟಿದಳು. ಅಂಗಳದಲ್ಲಿ ಒಣಗಲು ಹಾಕಿದ ರಾಗಿಗೆ ಕೋಳಿಗಳು ಬರುತ್ತಿದ್ದವು. ಆ ಹಗ್ಗದ ತುದಿಗೆ ಒಂದು ಹಳೆಯ ಡಬ್ಬ ಕಟ್ಟಿದಳು. ತುಳಿದರೆ ಸೀರೆ ಬೆಳೆಯುತ್ತಿತ್ತು, ತೊಟ್ಟಿಲು ತೂಗುತ್ತಿತ್ತು, ಡಬ್ಬದ ಸದ್ದಿಗೆ ಕೋಳಿ ಓಡುತ್ತಿತ್ತು. ಎಲ್ಲವೂ ನಡೆಯುತ್ತಿತ್ತು, ಅವಳು ನಿಲ್ಲದಿದ್ದರೆ.

ನಿಂತರೆ ಮಗು ಎದ್ದು ಅಳುತ್ತಿತ್ತು, ಕೋಳಿ ರಾಗಿಗೆ ಬಾಯಿ ಹಾಕುತ್ತಿತ್ತು. ಆದ್ದರಿಂದ ಅವಳು ನಿಲ್ಲಲಿಲ್ಲ.

ನೇಯುವಾಗ ಎಳೆ ಹರಿಯುತ್ತದೆ. ಅದು ಯಾರ ತಪ್ಪೂ ಅಲ್ಲ. ಮಗ್ಗ ನಿಲ್ಲಿಸಿ, ಹರಿದ ಎಳೆ ಹುಡುಕಿ, ಗಂಟು ಹಾಕಿ ಮುಂದಕ್ಕೆ ಹೋಗಬೇಕು. ಅವಳಿಗೆ ಹರಿದ ಎಳೆ ಕಂಡಿತು. ನಿಲ್ಲಲು ಧೈರ್ಯ ಬರಲಿಲ್ಲ. ಹಾಗೆಯೇ ನೇಯ್ದಳು. ಸೀರೆಯ ಉದ್ದಕ್ಕೂ ಗೆರೆ ಬಿತ್ತು.

ವ್ಯಾಪಾರಿ ಸೀರೆಯನ್ನು ಹಿಂದಕ್ಕೆ ತಂದ. “ಏನಮ್ಮ, ನಿನ್ನ ಸೀರೆ ಅಂದರೆ ನಾನು ಮಡಿಕೆ ಬಿಚ್ಚಿಯೂ ನೋಡುತ್ತಿರಲಿಲ್ಲ. ಈಗ ಬೆಳಕಿಗೆ ಹಿಡಿದರೆ ಎದುರು ಮನೆ ಕಾಣುತ್ತೆ,” ಎಂದ.

ನೇಯ್ಗೆ ಅವಳು ತಾಯಿಯ ತೊಡೆಯ ಮೇಲೆ ಕೂತು ಕಲಿತದ್ದು. ತನ್ನ ಕೈ ಕೆಟ್ಟುಹೋಯಿತು ಎಂದುಕೊಂಡಳು. ಗಂಡನನ್ನು ಕರೆದು, “ಮಗ್ಗ ಬಿಚ್ಚಿಬಿಡಿ, ಕುಣಿ ಮುಚ್ಚಿಬಿಡಿ,” ಎಂದಳು. ಹೇಳುವಾಗ ಮುಖ ಆಚೆ ತಿರುಗಿಸಿಕೊಂಡಿದ್ದಳು.

ಗಂಡ ಮಗ್ಗ ಬಿಚ್ಚಲು ಕುಣಿಗೆ ಇಳಿದ. ಅವನು ಅಲ್ಲಿ ಎಂದೂ ಕೂತವನಲ್ಲ. ಕಾಲು ಹಗ್ಗಗಳಿಗೆ ಸಿಕ್ಕಿಕೊಂಡಿತು. ತೊಟ್ಟಿಲು ಗೋಡೆಗೆ ತಾಗುವಷ್ಟು ತೂಗಿತು, ಅಂಗಳದಲ್ಲಿ ಡಬ್ಬ ಬಡಿದುಕೊಂಡಿತು, ಮಗು ಕಿರುಚಿತು.

“ಇದೇನೇ ಇದು! ಇಷ್ಟನ್ನೂ ನಿನ್ನ ಕಾಲಿಗೇ ಕಟ್ಟಿಕೊಂಡಿದ್ದೀಯಲ್ಲ? ನನ್ನನ್ನ ಕೂಗೋಕೆ ಏನಾಗಿತ್ತು?”

“ಈ ಮನೇಲಿ ಎಲ್ಲರೂ ಕೂಗೋದು ನನ್ನನ್ನ. ನಾನೂ ಯಾರನ್ನಾದರೂ ಕೂಗಬಹುದು ಅಂತ ನನಗೆ ಹೊಳೀಲೇ ಇಲ್ಲ.”

ಅತ್ತೆಯ ಕೈಯಲ್ಲಿ ನೂಲು ನಿಂತಿತು. ಆಮೇಲೆ ಮಗನಿಗೆ, “ಬಣ್ಣದ ಹಂಡೆ ತಿರುವೋಕೆ ಕೈ ಸಾಕಲ್ಲವೇನೋ? ಕಾಲು ಏನು ಮಾಡ್ತಿರುತ್ತೆ? ಆ ತೊಟ್ಟಿಲ ಹಗ್ಗ ನಿನ್ನ ಕಾಲಿನ ಹೆಬ್ಬೆರಳಿಗೆ ಕಟ್ಟಿಕೊ,” ಎಂದಳು.

“ಕೋಳಿಗೆ ಏನವ್ವ ಮಾಡೋದು?”

“ಕೋಳಿ ಓಡಿಸೋಕೆ ನನ್ನ ಬಾಯಿ ಸಾಲದಾ?”

ಮಗ್ಗ ಬಿಚ್ಚಲಿಲ್ಲ. ಹಗ್ಗಗಳನ್ನು ಬಿಚ್ಚಿದರು.

ಮಧ್ಯಾಹ್ನ ಅವಳು ನೇಯಲು ಕೂತಳು. ಎಳೆ ಹರಿಯಿತು. ಕಾಲು ನಿಲ್ಲಿಸಿದಳು. ಭುಜ ಬಿಗಿಹಿಡಿದು ಮಗುವಿನ ಅಳುವಿಗಾಗಿ ಕಾದಳು. ಅಳು ಬರಲಿಲ್ಲ. ತೊಟ್ಟಿಲು ಕಿರುಗುಟ್ಟುತ್ತಲೇ ಇತ್ತು. ಅಂಗಳದಲ್ಲಿ ಅತ್ತೆ ಯಾವುದೋ ಕೋಳಿಯ ವಂಶವನ್ನೇ ಬೈಯುತ್ತಿದ್ದಳು. ನೇಯುವವಳು ಉಸಿರು ಬಿಟ್ಟಳು. ಎಳೆ ಹುಡುಕಿ ಗಂಟು ಹಾಕಿದಳು. ಗಂಟು ಹಾಕಿದ ಮೇಲೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದಳು. ಸುಮ್ಮನೆ ಎಂದರೆ, ಏನೂ ಮಾಡದೆ.

ಇಷ್ಟು ಗುರುಗಳು ಹೇಳಿದ ಕತೆ.

ಸರ್ವಮಂಗಳಾ ಕಣ್ಣೊರೆಸಿಕೊಂಡು ನಕ್ಕಳು. “ಅವಳ ಗಂಡ ಕುಣಿಗೆ ಇಳಿದು ನೋಡಿದ, ಬುದ್ಧಿ. ನಮ್ಮವರು ಆಸ್ಪತ್ರೆಗೆ ಬಂದು ಏನು ನೋಡ್ತಾರೆ? ನಾಳೆ ನಾನು ಕೆಲಸ ಬಿಡಬೇಕೋ ಬಿಡಬಾರದೋ, ಅಷ್ಟು ಹೇಳಿ.”

“ನಾನು ಕತೆಯನ್ನ ಸರಿಯಾಗಿ ಹೇಳಲಿಲ್ಲ ಅಂತ ಕಾಣುತ್ತೆ,” ಎಂದರು ಗುರುಗಳು. “ಬಿಡಿಸಿ ಹೇಳ್ತೀನಿ, ಕೇಳು. ಮಗ್ಗ ಅಂದರೆ ನಿನ್ನ ಆಸ್ಪತ್ರೆ ಕೆಲಸ ಅಂತ ಇಟ್ಟುಕೊ. ತೊಟ್ಟಿಲು ಅಂದರೆ ನಿನ್ನ ಮನೆ. ಅದರಲ್ಲಿ ಬಿಡುವಂಥದ್ದು ಯಾವುದೂ ಇಲ್ಲ. ಆದರೆ ಹಗ್ಗ ಅಂದರೆ...”

ಒಳಗಿನಿಂದ ಅಡುಗೆಯ ಗುರುಮಲ್ಲಪ್ಪ ಕೂಗಿದ: “ಬುದ್ಧೀ, ಬೇಗ ಬನ್ನಿ! ಅನ್ನ ಮುದ್ದೆಯಾಗ್ತಾ ಇದೆ, ಬಸೀಬೇಕು!”

ಸರ್ವಮಂಗಳಾ ತಟ್ಟನೆ ಎದ್ದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಆಗಲೇ ಅಡುಗೆಮನೆಯ ಕಡೆಗೆ ಹೆಜ್ಜೆ ಇಟ್ಟಿದ್ದಳು.

ಗುರುಗಳು ಮಾತು ಅಲ್ಲಿಗೇ ಬಿಟ್ಟು, ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಎದ್ದರು.

“ಕೂತುಕೋ ತಾಯಿ,” ಎಂದರು, “ಅವನು ಕೂಗಿದ್ದು ನನ್ನನ್ನು.”

ಸರ್ವಮಂಗಳಾ ಕೂತಳು. ನನ್ನ ಮೊರದ ಅವರೆಕಾಯಿಗೂ ಕೈ ಹಾಕಲಿಲ್ಲ.