ಸಾವ್ಕಾರರ ಉಚಿತ ಲಗ್ನಪತ್ರಿಕೆ

ಗದಗಿನ ಪ್ರೆಸ್ಸೊಂದರಲ್ಲಿ ಹತ್ತು ವರ್ಷ ಲಗ್ನಪತ್ರಿಕೆ ಮಾಡಿದ ಶಾರವ್ವ, ಜನ ಮೊಬೈಲಿನಲ್ಲೇ ಪತ್ರಿಕೆ ಮಾಡಿಕೊಳ್ಳುವ ವೆಬ್‌ಸೈಟ್ ಶುರು ಮಾಡಿದಳು. ಪತ್ರಿಕೆಗೆ ಮುನ್ನೂರು ರೂಪಾಯಿ. ಆದರೆ ಬಾಯಿಬಿಟ್ಟು ದುಡ್ಡು ಕೇಳಲು ಆಕೆಗೆ ನಾಚಿಕೆ. ಊರಿನವರಿಗೆ ಆ ನಾಚಿಕೆ ಬಹಳ ಅನುಕೂಲವಾಗಿತ್ತು. ಇನ್ನೊಂದು ತಿಂಗಳು ಹೀಗೇ ನಡೆದರೆ ಸೈಟ್ ಮುಚ್ಚಿ ಮತ್ತೆ ಪ್ರೆಸ್ಸಿಗೇ ಹೋಗಬೇಕು.

ಆಗ ಬಂಗಾರದಂಗಡಿಯ ಚನ್ನವೀರಪ್ಪ ಬಂದರು. "ಮಗಳ ಮದುವಿ ಐತಿ. ನಮ್ಮಂಥವರ ಹತ್ರ ರೊಕ್ಕ ಕೇಳ್ತೀಯೇನವಾ? ನಮ್ಮ ಹೆಸರು ನಿನ್ನ ಸೈಟಿನಾಗ ಬಂದ್ರ ನಿನಗ ಮರ್ಯಾದಿ."

ಶಾರವ್ವ ತಲೆ ತಗ್ಗಿಸಿ, "ಆಗ್ಲಿರಿ ಸಾವ್ಕಾರ್ರ" ಎಂದಳು.

ಆ ಸಂಜೆ ಸೈಟಿನಲ್ಲಿ ಎರಡು ಬಟನ್ ಬಂದವು: 'ಮುನ್ನೂರು ರೂಪಾಯಿ' ಮತ್ತು 'ಉಚಿತ'. ಉಚಿತದ ಕೆಳಗೆ ನಾಲ್ಕು ಸಾಲು ಷರತ್ತು. ಸಾವ್ಕಾರರು ಅದನ್ನು ಓದದೆ 'ಒಪ್ಪಿದ್ದೇನೆ' ಎಂದು ಒತ್ತಿ, ಪತ್ರಿಕೆಯನ್ನು ನೆಂಟರಿಗೆಲ್ಲ ಕಳಿಸಿದರು.

ಮೊದಲ ಫೋನು ಬೀಗರದು. "ಕಷ್ಟ ಇದ್ರ ಮೊದ್ಲ ಹೇಳಬಾರದೇನ್ರಿ? ಊಟದ ಖರ್ಚು ನಾವ ನೋಡ್ಕೊಂತೀವಿ."

ಪತ್ರಿಕೆಯಲ್ಲಿ, ಸುಖಾಗಮನ ಬಯಸುವವರ ಹೆಸರಿನ ಕೆಳಗೆ, ಅಚ್ಚುಕಟ್ಟಾಗಿ ಹೀಗಿತ್ತು: 'ಮುನ್ನೂರು ರೂಪಾಯಿ ಕೊಡಲಾಗದ ಕುಟುಂಬಕ್ಕೆ ನಮ್ಮ ಉಚಿತ ಸೇವೆ.'

ಸಾವ್ಕಾರರು ಮುಖಕ್ಕೆ ಟವೆಲ್ ಅಡ್ಡ ಹಿಡಿದುಕೊಂಡು ಬಂದು ಮುನ್ನೂರು ಇಟ್ಟರು. "ಆ ಸಾಲು ತಗದುಬಿಡವಾ. ಅಲ್ಲೇ 'ರೊಕ್ಕ ಕೊಟ್ಟು ಮಾಡಿಸಿದ್ದು' ಅಂತ ದೊಡ್ಡದಾಗಿ ಹಾಕು."

ಶಾರವ್ವ ಮೊದಲ ಸಲ ತಲೆ ಎತ್ತಿ ದರ ಹೇಳಿದಳು.

"ಅದಕ್ಕ ಬ್ಯಾರೆ ರೇಟೈತ್ರಿ, ಸಾವ್ಕಾರ್ರ. ಆರುನೂರು."