ಮುಂದೆ ಹೋಗಮ್ಮ

ಊರಿನ ರಸ್ತೆ ಹೊಳೆಗೆ ಬಂದು ಮುಗಿಯುತ್ತದೆ. ಮುಗಿಯುವ ಮುಂಚೆ ಸಿಗುವ ಕಡೆಯ ಸೂರು ಇನ್ನಾಸಪ್ಪ ಗುರುಗಳ ಆಶ್ರಮ. ಅಂಗಳದಲ್ಲಿ ಶಿಲುಬೆ, ಅದರ ಹಿಂದೆ ಅಡುಗೆಮನೆ.

ಅಲ್ಲಿದ್ದ ಒಬ್ಬನೇ ಶಿಷ್ಯ ಚೌರಪ್ಪ. ಯೇಸುಸ್ವಾಮಿ ಮತ್ತೆ ಎದ್ದು ಬಂದ ಪಾಸ್ಕ ಹಬ್ಬದ ದಿನ ಗುರುಗಳು ತನಗೆ ನಿಲುವಂಗಿ ತೊಡಿಸಿ ಆಶ್ರಮಕ್ಕೆ ಸೇರಿಸಿಕೊಳ್ಳಲಿ ಎಂಬುದೊಂದೇ ಅವನ ಆಸೆ. ಆಸೆಯೇನೋ ಒಳ್ಳೆಯದೇ. ಅಂಥ ಆಸೆಯವರ ಜೊತೆ ಬಾಳುವುದು ಎಷ್ಟು ಕಷ್ಟ ಅಂತ ಗುರುಗಳನ್ನು ಕೇಳಬೇಕು.

ಪಾಸ್ಕಕ್ಕೆ ಮುಂಚಿನ ಉಪವಾಸದ ದಿನಗಳು, ಅಂದರೆ ತಪಸ್ಸುಕಾಲ, ಶುರುವಾದ ದಿನ ಚೌರಪ್ಪ ಕೇಳಿದ, “ಗುರುಗಳೇ, ನಾನು ಯಾವ ವ್ರತ ಹಿಡಿಯಲಿ?”

“ಬಾಗಿಲಿಗೆ ಬಂದವರಿಗೆ ಇದ್ದದ್ದು ಕೊಡು.”

“ಅದು ಸರಿ. ವ್ರತ ಯಾವುದು?”

“ಅದೇ ವ್ರತ.”

“ಅದನ್ನ ನಮ್ಮಜ್ಜೀನೂ ಮಾಡ್ತಿದ್ದಳು, ಗುರುಗಳೇ!”

ಗುರುಗಳು ಹಣೆ ಚಚ್ಚಿಕೊಂಡು ಎದ್ದು ಹೋದರು.

ಚೌರಪ್ಪ ತಾನೇ ಒಂದು ವ್ರತ ಹುಡುಕಿಕೊಂಡ. ಹೊತ್ತು ಮುಳುಗುವವರೆಗೆ ಬರೀ ನೀರು. ಗುರುಗಳು ಊರಲ್ಲಿಲ್ಲದ ದಿನ ಒಲೆಯನ್ನೂ ಹಚ್ಚುವಂತಿಲ್ಲ. ಹಚ್ಚಿದರೆ ಮನಸ್ಸು ಅನ್ನದ ಕಡೆ ಹೋಗುತ್ತದಂತೆ.

ಒಂದು ಬೆಳಿಗ್ಗೆ ಗುರುಗಳು ಕಾಯಿಲೆಯವರನ್ನು ನೋಡಲು ಹರಿಗೋಲಿನಲ್ಲಿ ಆಚೆ ದಡಕ್ಕೆ ಹೋದರು. ಚೌರಪ್ಪ ಕಣ್ಣು ಮುಚ್ಚಿ, ಯೇಸುಸ್ವಾಮಿ ಕಲಿಸಿದ ಪರಲೋಕ ಮಂತ್ರ ಹೇಳುತ್ತಾ ಕೂತ. ಅನುದಿನದ ಆಹಾರ ಬೇಡುವ ಸಾಲಿಗೆ ಬಂದಿದ್ದ, ಅಷ್ಟರಲ್ಲಿ ಬಾಗಿಲಲ್ಲಿ ಮುದುಕಿಯೊಬ್ಬಳ ದನಿ ಕೇಳಿಸಿತು.

“ಸ್ವಾಮೀ, ವಸಿ ಗಂಜಿ ಇದ್ರೆ ಹಾಕಿ. ಬೆಳಕರಿಯಕ್ಕೆ ಮುಂಚೆ ಹೊಂಟೋಳು.”

ಅವನು ಕಣ್ಣು ಬಿಡಲಿಲ್ಲ. “ಇವತ್ತು ಒಲೆ ಹಚ್ಚಿಲ್ಲ. ಮುಂದೆ ಹೋಗಮ್ಮ.”

ಬೇಡಲು ಬಂದವರಿಗೆ ನಾವೆಲ್ಲ ಹೇಳುವ ಮಾತೇ. ಬೈಗುಳವಲ್ಲ, ಬಾಯಿಗೆ ಅಭ್ಯಾಸ, ಅಷ್ಟೆ.

ಮುದುಕಿ ಮುಂದೆ ಹೋದಳು.

ಇಳಿಹೊತ್ತಿಗೆ ಗುರುಗಳು ಹರಿಗೋಲಿನಿಂದ ಇಳಿದಾಗ ಅವಳು ಹರಿಗೋಲಿಗೆ ಕಾಯುತ್ತಾ ದಡದಲ್ಲಿ ಗಂಟು ತಬ್ಬಿಕೊಂಡು ಕೂತಿದ್ದಳು. ಹೆಸರು ದುಂಡಮ್ಮ. ಆಚೆ ಊರಿನಲ್ಲಿ ಮಗಳು ಹೆತ್ತಿದ್ದಳು. ಏಳಲು ಹೋಗಿ ತಲೆ ಸುತ್ತಿ ಮತ್ತೆ ಕೂತಳು.

“ಏನೂ ತಿಂದಿಲ್ವಾ ತಾಯಿ? ಆ ಗಂಟಿನಲ್ಲಿ ಏನಿದೆ?”

“ರಾಗಿ ಹಿಟ್ಟು, ಬೆಲ್ಲ. ಅದು ಬಾಣಂತಿಗೆ, ಸ್ವಾಮಿ.”

“ನಮ್ಮ ಬಾಗಿಲಲ್ಲಿ ಕೇಳಬಾರದಿತ್ತಾ?”

“ಕೇಳ್ದೆ. ಮುಂದೆ ಹೋಗು ಅಂದ್ರು. ಬಂದೆ.”

ಗುರುಗಳು ಅವಳ ಕೈಹಿಡಿದು ಆಶ್ರಮಕ್ಕೆ ಕರೆತಂದರು. ಬಂದವರೇ ಕೂಗಿದರು, “ಚೌರಪ್ಪಾ! ಈ ತಾಯಿಗೆ ಏನಂದೆ?”

“ಮುಂದೆ ಹೋಗಮ್ಮ ಅಂದೆ.”

“ಮುಂದೆ ಏನಿದೆ?”

ಚೌರಪ್ಪ ಬಾಗಿಲಿನಾಚೆ ನೋಡಿದ. “ಹೊಳೆ.”

“ಅವಳೇನು ಮೀನಾ?”

“ಗುರುಗಳೇ, ನಾನು ಉಪವಾಸ...”

“ನೀನು ಮಾಡಪ್ಪ, ಬೇಡ ಅಂದೋರು ಯಾರು? ಅವಳ ಕೈಲಿ ಯಾಕೆ ಮಾಡಿಸ್ದೆ?”

“ಯೇಸುಸ್ವಾಮಿಯೂ ಉಪವಾಸ ಇದ್ದರಲ್ಲ?”

“ಇದ್ರು. ಜನ ಹಸಿದು ಕೂತಾಗ ರೊಟ್ಟಿ ಮುರಿದು ಹಂಚಿದ್ರು. ‘ಇವರನ್ನೆಲ್ಲ ಕಳಿಸಿಬಿಡಿ’ ಅಂದೋರು ಶಿಷ್ಯರು. ಯಾವಾಗಲೂ ಶಿಷ್ಯರೇ!”

ಗುರುಗಳೇ ಒಲೆಯ ಮುಂದೆ ಕೂತರು. ಸೌದೆ ಹಸಿ. ಊದಿ ಊದಿ ಕಣ್ಣಲ್ಲಿ ನೀರು ಬಂತು.

“ನಿನಗೆ ಪಾಠ ಹೇಳೋ ಬದಲು ಒಂದು ಎಮ್ಮೆ ಸಾಕಿದ್ರೆ, ಬಂದೋರಿಗೆ ಮಜ್ಜಿಗೆನಾದ್ರೂ ಸಿಗ್ತಿತ್ತು,” ಎಂದು ಗೊಣಗಿದರು.

ಗಂಜಿ ಬೆಂದಿತು. ದುಂಡಮ್ಮ ಅರ್ಧ ಬಟ್ಟಲು ಕುಡಿದು ಚೌರಪ್ಪನ ಮುಖ ನೋಡಿದಳು. ಬಟ್ಟಲನ್ನು ಅವನ ಕಡೆ ಸರಿಸಿದಳು.

“ನೀನೂ ಹಸ್ಕಂಡಂಗೆ ಕಾಣ್ತೀಯ. ತಕ್ಕೋ ಮಗ.”

ಹೊತ್ತು ಇನ್ನೂ ಮುಳುಗಿರಲಿಲ್ಲ. ಚೌರಪ್ಪ ಗುರುಗಳ ಕಡೆ ನೋಡಿದ. ಗುರುಗಳು ಗೋಡೆಯ ಕಡೆ ನೋಡಿದರು.

ಅವನು ಕುಡಿದ. ನಾಚಿಕೆಗೋ ಹಸಿವಿಗೋ, ಅಳು ಬಂದುಬಿಟ್ಟಿತು.

ದುಂಡಮ್ಮನನ್ನು ಹರಿಗೋಲಿಗೆ ಹತ್ತಿಸಿ ಬಂದ ಗುರುಗಳು ಉಳಿದ ಗಂಜಿಗೆ ಮುಚ್ಚಳ ಹಾಕುತ್ತಿದ್ದರು. ಚೌರಪ್ಪ ಹಿಂದೆ ಬಂದು ನಿಂತ.

“ಗುರುಗಳೇ, ಪಾಸ್ಕಕ್ಕೆ ನಿಲುವಂಗಿ... ನನಗಿನ್ನು ಸಿಗಲ್ವಾ?”

ಅಷ್ಟರಲ್ಲಿ ಬಾಗಿಲಲ್ಲಿ ಯಾವನೋ ಕೂಗಿದ, “ಯಾರಿದ್ದೀರಿ? ಹೊಟ್ಟೆಗೆ ಏನಾದ್ರೂ ಕೊಡಿ.”

ಗುರುಗಳು ತಲೆ ಎತ್ತದೆ ಹೇಳಿದರು, “ಮುಂದೆ ಹೋಗಪ್ಪ.”

ಚೌರಪ್ಪ ಬೆಚ್ಚಿಬಿದ್ದ. “ಗುರುಗಳೇ! ನೀವೂ ಅವನಿಗೆ ಹಾಗಂದುಬಿಟ್ರಾ?”

ಗುರುಗಳು ಗಂಜಿಯ ಮಡಕೆಯನ್ನು ಅವನ ಕೈಗೆ ತುರುಕಿದರು.

“ಅವನಿಗಲ್ಲ ಕಣೋ, ನಿನಗೆ!”